ಬಚ್ಚಲ ಹಿಂದೆ ಕಟ್ಟಿದ ಹಗ್ಗ

1943ನೆಯ ಇಸವಿ, ಮೇ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಆರೂವರೆ ಗಂಟೆ. ಸ್ಥಳ ಶ್ರೀನಿವಾಸಪುರದಲ್ಲಿ ನನ್ನ ಅಕ್ಕನ ಮನೆ. ಇದ್ದವರು ನಾಲ್ಕು ಜನ: ಅಡಿಗೆಮನೆಯಲ್ಲಿ ಅಕ್ಕನ ಸೊಸೆ, ನಡುಮನೆಯಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದ ಅಕ್ಕ, ಜಗಲಿಯ ಮೇಲೆ ಭಾವ, ಅಡಿಗೆಮನೆಯ ಹೊಸ್ತಿಲಿಂದ ಈಚೆಗೆ ನಾನು. ಅಕ್ಕನ ಮಗ ಹಿಂದಿನ ದಿನವೇ ಮಾವಿನ ತೋಟಕ್ಕೆ ಹೋಗಿದ್ದ, ಕಾಯಿ ಇಳಿಸುವ ಆಳುಗಳ ಮೇಲೆ ಕಣ್ಣಿಡಲು.

ನಾನು ಹೊಸ್ತಿಲು ದಾಟುವಂತಿರಲಿಲ್ಲ. ಮುಳಬಾಗಿಲಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಕೆಲಸ ನನ್ನದು. ಮದುವೆಯಾದ ಎರಡನೆಯ ವರ್ಷ ಗಂಡ ತೀರಿಕೊಂಡಾಗ ಭಾವನೇ ಗಟ್ಟಿ ಮನಸ್ಸು ಮಾಡಿ ನನ್ನನ್ನು ಬೆಂಗಳೂರಿಗೆ ಕರೆದೊಯ್ದು ಆ ತರಬೇತಿಗೆ ಸೇರಿಸಿದ್ದರು. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಹಾಸಿಗೆ ಸುತ್ತಬೇಕು, ಗಂಟೆ ಹೊಡೆದರೆ ಸಾಲಾಗಿ ನಿಂತು ಉಗುರು ತೋರಿಸಬೇಕು. ಬಟ್ಟೆಗಳನ್ನು ಕುದಿಸದೆ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸದೆ ರೋಗಿಯ ಮೈಗೆ ಮುಟ್ಟಿಸುವಂತಿರಲಿಲ್ಲ. ಆ ಶಿಸ್ತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆದರೆ ಅಕ್ಕನ ಲೆಕ್ಕದಲ್ಲಿ ನಾನು ಆಸ್ಪತ್ರೆಯ ಮೈಲಿಗೆ. ರಜದಲ್ಲಿ ಬಂದರೂ, ಸ್ನಾನ ಮಾಡಿದರೂ ಮೈಲಿಗೆಯೇ. ಕಾಫಿ ನನಗೆ ಹೊಸ್ತಿಲಿನಲ್ಲೇ ಬರುತ್ತಿತ್ತು. ಅದರ ಬಗ್ಗೆ ನನಗೆ ಬೇಸರವಿರಲಿಲ್ಲ. ಬಿಸಿಯಾಗಿರುತ್ತಿತ್ತಲ್ಲ, ಸಾಕು.

ಕಾಫಿಗೆ ಕಾಯುತ್ತ ಕೂತಾಗ ಹುಡುಗಿಯನ್ನು ನೋಡಿದೆ. ಹದಿನೇಳು ವರ್ಷ, ಮಾಲೂರಿನ ಕಡೆಯವಳು, ಮದುವೆಯಾಗಿ ಬಂದು ಒಂದು ವರ್ಷವಾಗಿತ್ತು. ಒಲೆಯ ಮುಂದೆ ನಿಂತಿದ್ದಳು. ಉಟ್ಟ ಸೀರೆ ತಲೆಯಿಂದ ಕಾಲಿನವರೆಗೆ ಒದ್ದೆ. ಕಚ್ಚೆಯಿಂದ ನೀರಿಳಿದು ಕಾಲ ಬುಡದಲ್ಲಿ ಮಡುಗಟ್ಟಿತ್ತು. ಸೌಟು ತಿರುಗಿಸುತ್ತ ಒಂದು ಕಾಲಿನ ಮೇಲೆ ಭಾರ ಹಾಕುವಳು, ಆಮೇಲೆ ಇನ್ನೊಂದರ ಮೇಲೆ. ತೊಡೆಗೆ ತೊಡೆ ಒತ್ತಿ ಕಣ್ಣು ಮುಚ್ಚುವಳು. ಒಂದು ಸಲ ಬಾಗಿಲ ಮರೆಗೆ ಹೋಗಿ ಬಂದಳು. ಮುಖ ಕೆಂಪಾಗಿತ್ತು.

"ಏನಮ್ಮ, ತುರಿಯಾ?" ಅಂದೆ.

"ಏನಿಲ್ಲ ಚಿಕ್ಕತ್ತೆ." ಕಾಫಿ ಲೋಟವನ್ನು ಹೊಸ್ತಿಲ ಮೇಲೆ ಇಟ್ಟು ಬೇಗ ಹಿಂದೆ ಸರಿದಳು.

ನಡುಮನೆಯಿಂದ ಅಕ್ಕ ಕೂಗಿದಳು: "ಅವಳನ್ನೇನು ಕೇಳ್ತೀಯ, ನನ್ನ ಕೇಳು. ಬಿಳಿ ಸೆರಗು, ತುರಿ, ಉರಿ. ಸಂಕ್ರಾಂತಿ ಆದಾಗಿನಿಂದ ಇದೇ ಗೋಳು. ಉಷ್ಣ ಕಣೇ! ಈ ಊರಿನ ಮಾವಿನಹಣ್ಣು, ಅವಳ ಬಾಯಿ. ಮೈಯೆಲ್ಲ ಉಷ್ಣ."

"ಸಂಕ್ರಾಂತೀಲಿ ಮಾವಿನಹಣ್ಣು ಎಲ್ಲಿತ್ತಕ್ಕ?"

"ಎದುರು ವಾದಿಸಬೇಡ. ತಂಪು ಆಗ್ಲಿ ಅಂತ ಒದ್ದೆಯಲ್ಲೇ ಇರು ಅಂದಿದ್ದೀನಿ. ಮೊದಲೆಲ್ಲ ಅಡಿಗೆ ಮುಗಿಯೋವರೆಗೆ ಒದ್ದೆ ಮಡೀಲಿ ಇರ್ತಿದ್ಲು, ಈಗ ಎಲ್ಲರ ಊಟ ಆಗೋವರೆಗೂ ಇರ್ತಾಳೆ. ಮಧ್ಯಾಹ್ನ ಇನ್ನೊಂದು ತಣ್ಣೀರು ಸ್ನಾನ. ಸೀಗೆಪುಡಿ ಹಾಕಿ ಚೆನ್ನಾಗಿ ತಿಕ್ಕು ಅಂದೆ. ಎಲ್ಲಾ ಮಾಡಿ ಆಯ್ತು."

"ಕಡಿಮೆ ಆಯ್ತಾ?"

"ಆಗಿದ್ರೆ ಇವತ್ತು ಮಧ್ಯಾಹ್ನದ ರೈಲಿಗೆ ಮಾಲೂರಿಗೆ ಯಾಕೆ ಕಳಿಸ್ತಿದ್ದೆ? ನಿಮ್ಮ ಭಾವ ಬಿಟ್ಟು ಬರ್ತಾರೆ. ವಾಸಿ ಮಾಡಿ ಕಳಿಸ್ಲಿ ಅವರಮ್ಮ. ವಾಸಿಯಾಗದಿದ್ರೆ ಅಲ್ಲೇ ಇರ್ಲಿ."

ಒಲೆಯ ಮುಂದೆ ಸೌಟಿನ ಸದ್ದು ನಿಂತಿತು.

ಆ ಮನೆಯ ಒದ್ದೆ ಮಡಿಯ ಕಥೆ ನನಗೆ ಗೊತ್ತಿತ್ತು. ಮಡಿ ಎಂದರೆ ಹಿಂದಿನ ದಿನ ಒಗೆದು, ಯಾರೂ ಮುಟ್ಟದ ಹಾಗೆ ಗಳದ ಮೇಲೆ ಎತ್ತರಕ್ಕೆ ಹರವಿ, ಒಣಗಿದ ಮೇಲೆ ಬೆಳಿಗ್ಗೆ ಸ್ನಾನ ಮಾಡಿ ಉಡುವ ಸೀರೆ. ನಮ್ಮಮ್ಮನೂ ಹಾಗೇ ಉಡುತ್ತಿದ್ದಳು. ಆದರೆ ಮಾವಿನ ಕಾಲ ಬಂತೆಂದರೆ ಅಕ್ಕನ ಮನೆಯ ಬಿಸಿಲೆಲ್ಲ ಮಾವಿನಕಾಯಿಗೆ ಮೀಸಲು. ಮಾಳಿಗೆಯ ಮೇಲೆ ಹೋಳು, ಅಂಗಳದಲ್ಲಿ ಹೋಳು, ಜಗಲಿಯ ತುದಿಯಲ್ಲಿ ಜಾಡಿಗಳು. ಅದಕ್ಕೂ ಮುಂಚೆ, ಸಂಕ್ರಾಂತಿ ಕಳೆದಾಗಿನಿಂದ, ಸಂಡಿಗೆ ಹಪ್ಪಳ. ಹೀಗಾಗಿ ಗಳವನ್ನು ಒಳ ಓಣಿಯ ಕತ್ತಲೆಗೆ ತಂದು ಹಾಕಿದ್ದರು. ಅಲ್ಲಿ ಸೀರೆ ಒಣಗುತ್ತಿರಲಿಲ್ಲ. ಒಣ ಜಾಗದ ಮೊದಲ ಪಾಲು ಅಕ್ಕನ ಸೀರೆಗೆ. ಸೊಸೆಯದು ಹೇಗೂ ಒಣಗುವುದಿಲ್ಲ, ಹಿಂಡಿ ಒದ್ದೆಯನ್ನೇ ಉಡು, ಅದೂ ಮಡಿಯೇ. ಇದು ಅಕ್ಕ ಕ್ರೌರ್ಯದಿಂದ ಮಾಡಿದ್ದಲ್ಲ. ಅವಳ ಅತ್ತೆಯ ಕಾಲದಲ್ಲಿ ಅವಳೂ ಒದ್ದೆಯಲ್ಲೇ ಬೇಯಿಸಿದವಳು.

ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟೆ. ಎದ್ದೆ. ಹೊಸ್ತಿಲು ದಾಟಿ ನೇರ ಒಳಗೆ ಹೋಗಿ ಹುಡುಗಿಯ ತೋಳು ಹಿಡಿದೆ.

"ಅಯ್ಯಯ್ಯೋ!" ಅಕ್ಕ ಈಳಿಗೆಮಣೆ ಬಿಟ್ಟು ಎದ್ದು ಬಂದಳು. "ಮುಟ್ಟಿಬಿಟ್ಟೆಯಾ? ಅನ್ನ ಇನ್ನೂ ಬಸಿದಿಲ್ಲ ಕಣೇ! ಬುದ್ಧಿ ಎಲ್ಲಿಟ್ಟಿದ್ದೀಯ?"

"ಬೇಕಂತಲೇ ಮುಟ್ಟಿದೆ. ಅವಳ ಮಡಿ ಹೋಯ್ತು. ಆಚೆ ಬರ್ತಾಳೆ, ಒಣಗಿದ್ದು ಉಡ್ತಾಳೆ."

"ಮತ್ತೆ ಸ್ನಾನ ಮಾಡಿ ಬರ್ತಾಳೆ!"

"ಬರ್ಲಿ. ಮತ್ತೆ ಮುಟ್ತೀನಿ."

"ಲೇ..."

"ನೀನು ಎಷ್ಟು ಸಲ ನೆನೆಸ್ತೀಯೋ ಅಷ್ಟು ಸಲ ಮುಟ್ತೀನಿ ಅಕ್ಕ. ನನಗೆ ಸೋಮವಾರದವರೆಗೆ ರಜ ಇದೆ, ಬೇರೆ ಕೆಲಸ ಇಲ್ಲ."

ಅಕ್ಕನಿಗೆ ಸಿಟ್ಟು ಏರಿದರೆ ಮಾತು ತೆಲುಗಿಗೆ ತಿರುಗುತ್ತಿತ್ತು. "ಚಾಲ್ಲೇ ನೀ ವೈದ್ಯಂ!", ಸಾಕು ನಿನ್ನ ವೈದ್ಯ, ಎಂದು ಗದರಿಸಿ, ಅನ್ನ ಉಕ್ಕುವುದನ್ನು ಕಂಡು, ಒಣಗಿದ ತನ್ನ ಮಡಿ ಸೀರೆ ಹುಡುಕಿಕೊಂಡು ಸ್ನಾನಕ್ಕೆ ಓಡಿದಳು. ಆ ದಿನದ ಅಡಿಗೆ ಅವಳ ಪಾಲಿಗೆ ಬಂತು. ಜಗಲಿಯಿಂದ ಭಾವ ಒಂದು ಸಲ ಕೆಮ್ಮಿದರು. ನಕ್ಕರೋ ಕೆಮ್ಮಿದರೋ ಹೇಳಲಾರೆ.

ಹುಡುಗಿಯನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಒಣ ಸೀರೆ ಕೊಟ್ಟೆ. ಕೈ ತೊಳೆದುಕೊಂಡು, ಕಿಟಕಿಯ ಬೆಳಕಿನಲ್ಲಿ ಕೂರಿಸಿ ನೋಡಿದೆ. ಚರ್ಮ ಸುಟ್ಟ ಹಾಗೆ ಕೆಂಪಾಗಿತ್ತು, ಅಲ್ಲಲ್ಲಿ ಉಗುರಿನ ಗೀರು. ಬಿಳುಪು ಒಡೆದ ಹಾಲಿನ ಹಾಗೆ ಗಂಟುಗಂಟು. ದುರ್ವಾಸನೆ ಇರಲಿಲ್ಲ. ಕೇಳಬೇಕಾದದ್ದನ್ನು ಒಂದೊಂದಾಗಿ ಕೇಳಿದೆ. ಜ್ವರ ಬಂದಿತ್ತಾ? ಇಲ್ಲ. ಕಿಬ್ಬೊಟ್ಟೆ ನೋವು? ಇಲ್ಲ. ನಡುವೆ ರಕ್ತ ಕಾಣ್ತಾ? ಇಲ್ಲ. ಮುಟ್ಟು ತಪ್ಪಿದೆಯಾ? ಇಲ್ಲ, ಹೋದ ವಾರವಷ್ಟೇ ಆಯ್ತು. ಉಚ್ಚೆ ಹೋದ ಜಾಗಕ್ಕೆ ಇರುವೆ ಮುತ್ತುತ್ತಾ? ಸಿಹಿಮೂತ್ರ ರೋಗದ ಗುರುತು ಅದು, ಆದರೆ ಆ ಪ್ರಶ್ನೆಗೆ ಮಾತ್ರ ಅವಳು ನಕ್ಕಳು. "ಇಲ್ಲ ಚಿಕ್ಕತ್ತೆ, ಇರುವೆ ಎಲ್ಲ ಬೆಲ್ಲದ ಡಬ್ಬಿ ಹತ್ರಾನೇ ಇದ್ದಾವೆ."

ಆ ಉತ್ತರಗಳಲ್ಲಿ ಒಂದು ಬೇರೆಯಾಗಿದ್ದರೂ ಅವತ್ತೇ ಅವಳನ್ನು ಕೋಲಾರದ ಆಸ್ಪತ್ರೆಗೆ ಹೊರಡಿಸುತ್ತಿದ್ದೆ.

"ಬಿಳುಪಿಗೆ ಬಟ್ಟೆ ಕಟ್ಕೊಳ್ತೀಯಲ್ಲ, ಅದನ್ನ ಎಲ್ಲಿ ಒಣಗಿಸ್ತೀಯ?"

ಅವಳು ತಲೆ ತಗ್ಗಿಸಿದಳು. ಕೊಟ್ಟಿಗೆಯ ಅಟ್ಟದ ಮೇಲೆ, ಹುಲ್ಲಿನ ಒಳಗೆ. ಗಂಡಸರ ಕಣ್ಣಿಗೆ ಬೀಳಬಾರದು, ಉಪ್ಪಿನಕಾಯಿ ಜಾಡಿಗೆ ಅದರ ನೆರಳೂ ಸೋಕಬಾರದು. ಹೋಗಿ ತಂದು ತೋರಿಸಿದಳು. ಹಸಿ ಹಸಿ, ಮುಗ್ಗಲು ವಾಸನೆ, ಅಂಚಿನಲ್ಲಿ ಕಪ್ಪು ಚುಕ್ಕೆ. ಅದನ್ನೇ ತಿರುಗಿ ಕಟ್ಟಿಕೊಳ್ಳುತ್ತಿದ್ದಳು.

ಆಮೇಲೆ ಅವಳಾಗಿಯೇ ಮಾತಾಡಿದಳು. ಮಾಲೂರಿನ ಮನೆಯಲ್ಲಿ ಅವಳ ಸೋದರತ್ತೆ ಒಬ್ಬರಿದ್ದರು. "ಅವರನ್ನೂ ಹೀಗೇ ಕಳಿಸಿದ್ರು ಚಿಕ್ಕತ್ತೆ. ವಾಸಿ ಮಾಡ್ಕೊಂಡು ಬಾ ಅಂತ. ನಾನು ಹುಟ್ಟೋಕೆ ಮುಂಚೆ. ಇನ್ನೂ ನಮ್ಮ ಮನೇಲೇ ರಾಗಿ ಬೀಸ್ತಾರೆ. ಆ ಮಾವ ಬೇರೆ ಮದುವೆ ಮಾಡ್ಕೊಂಡ್ರು." ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ರೈಲು ಹತ್ತಿದರೆ ನನ್ನ ಕಥೆ ಮುಗಿದ ಹಾಗೆ."

"ಹತ್ತಲ್ಲ," ಅಂದೆ.

ಹೇಳಿದ್ದು ಸುಲಭ. ಅಕ್ಕನನ್ನು ಒಪ್ಪಿಸುವುದು ಬಾಕಿ ಇತ್ತು. ರೈಲಿಗೆ ಇನ್ನೂ ಹೊತ್ತಿತ್ತು. ಅಡಿಗೆ ಮುಗಿಸಿದ ಅಕ್ಕ ಮತ್ತೆ ನಡುಮನೆಗೆ ಬಂದು, ಬಿಸಿಲಿಗಿಟ್ಟಿದ್ದ ಜಾಡಿಗಳನ್ನು ಒಳಗೆ ತಂದು ಒಂದೊಂದನ್ನೂ ಒಣ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದಳು. ನಾನು ಅವಳ ಎದುರಿಗೆ ಕೂತು ಇನ್ನೊಂದು ಜಾಡಿ ಎತ್ತಿಕೊಂಡೆ.

"ಒದ್ದೆ ಕೈಯಲ್ಲಿ ಮುಟ್ಟಬೇಡ!" ಅಂದಳು.

"ಯಾಕೆ?"

"ಯಾಕೆ ಅಂತೆ. ಒಂದು ತೊಟ್ಟು ನೀರು ಬಿದ್ರೆ ವರ್ಷದ ಉಪ್ಪಿನಕಾಯಿ ಬೂಷ್ಟು ಹಿಡಿಯುತ್ತೆ. ಗೊತ್ತಿಲ್ಲದವಳ ಹಾಗೆ ಕೇಳ್ತೀಯಲ್ಲ."

"ಹೋಳುಗಳಿಗೆ ಬೂಷ್ಟು ಬಂದ್ರೆ ಏನು ಮಾಡ್ತೀಯ? ತಂಪಿಗೆ ಅಂತ ಇನ್ನೊಂದು ಚೊಂಬು ನೀರು ಹಾಕ್ತೀಯ?"

ಅಕ್ಕನ ಕೈ ಜಾಡಿಯ ಒಳಗೇ ನಿಂತಿತು.

"ಹುಡುಗಿಗೆ ಆಗಿರೋದೂ ಅಂಥದ್ದೇ ಅಕ್ಕ. ಮೈಯ ಬೂಷ್ಟು. ಒದ್ದೆ, ಬೆಚ್ಚಗೆ, ಗಾಳಿ ಬೆಳಕು ಇಲ್ಲದ ಕಡೆ ಬೆಳೆಯುತ್ತೆ. ನೀನು ಒಲೆ ಮುಂದೆ ಒದ್ದೆ ಕಚ್ಚೇಲಿ ನಿಲ್ಲಿಸ್ತೀಯ. ಉರಿ ಜಾಸ್ತಿಯಾದರೆ ಉಷ್ಣ ಅಂತೀಯ. ಉಷ್ಣ ಅಂತ ಇನ್ನೂ ಹೊತ್ತು ಒದ್ದೇಲಿ ನಿಲ್ಲಿಸ್ತೀಯ. ಅದರ ಮೇಲೆ ಸೀಗೆಪುಡಿ ತಿಕ್ಕಿಸಿದ್ದೀಯ. ಸುಟ್ಟ ಗಾಯಕ್ಕೆ ಯಾರಾದ್ರೂ ಸೀಗೆಪುಡಿ ತಿಕ್ತಾರಾ? ಜಾಡಿಗೆ ಕೊಟ್ಟ ಬಿಸಿಲು ಅವಳ ಬಟ್ಟೆಗೂ ಕೊಡು. ನಾನು ಕೇಳ್ತಿರೋದು ಅಷ್ಟೇ."

ಅಕ್ಕ ಜಾಡಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕೊನೆಗೆ, "ಗಳ ಮಾಳಿಗೆ ಮೇಲೆ ಹಾಕಿದ್ರೆ ಹೋಳುಗಳಿಗೆ ಜಾಗ ಎಲ್ಲಿ?" ಅಂದಳು. ಅವಳು ಜಾಗದ ಲೆಕ್ಕಕ್ಕೆ ಬಂದಳೆಂದರೆ ಅರ್ಧ ಗೆದ್ದ ಹಾಗೆ. ನಾನು ತಕ್ಷಣ ಹೇಳಿದೆ: "ಒಂದು ಚಾಪೆ ಈಚೆಗೆ ಎಳೆದರೆ ಸಾಕು. ಮಡಿ ಸೀರೆ ಗಳದ ಮೇಲೆ ಎತ್ತರದಲ್ಲಿರುತ್ತೆ, ಯಾರೂ ಮುಟ್ಟಲ್ಲ. ಇನ್ನು ಆ ಬಟ್ಟೆಗಳಿಗೆ ಬಚ್ಚಲ ಹಿಂದೆ ಒಂದು ಹಗ್ಗ. ಅಲ್ಲಿ ಹೊತ್ತು ಇಳಿಯೋವರೆಗೂ ಬಿಸಿಲು ಬೀಳುತ್ತೆ. ಸುತ್ತ ತಡಿಕೆ ಕಟ್ಟಿದರೆ ಯಾರ ಕಣ್ಣಿಗೂ ಬೀಳಲ್ಲ, ನಿನ್ನ ಜಾಡಿಗೂ ನೆರಳು ಸೋಕಲ್ಲ."

"ವಾಸಿ ಆಗದಿದ್ರೆ?"

"ಎಂಟು ದಿನ ನೋಡು. ತಗ್ಗದಿದ್ರೆ ನಾನೇ ಬಂದು ಕೋಲಾರಕ್ಕೆ ಲೇಡಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಮಾಲೂರಿಗಲ್ಲ."

ಅಕ್ಕ ಒರೆಸಿದ ಜಾಡಿಯನ್ನು ಕೆಳಗಿಟ್ಟಳು. ಆಮೇಲೆ ಜಗಲಿಯ ಕಡೆ ತಿರುಗಿ, "ರೀ, ಇವತ್ತು ರೈಲಿಗೆ ಹೋಗೋದು ಬೇಡ" ಅಂದಳು. ಯಾಕೆ ಎಂದು ಭಾವ ಕೇಳಲಿಲ್ಲ. ಆಗಲೇ ತೊಟ್ಟಿದ್ದ ಕೋಟನ್ನು ಬಿಚ್ಚಿ ಗೂಟಕ್ಕೆ ಹಾಕಿದರು. ನಾನು ಹೋಗಿ, "ಭಾವ, ಬಾವಿಯ ಹಳೇ ಹಗ್ಗ ಬೇಕು, ತೆಂಗಿನ ಗರಿಯ ತಡಿಕೆ ಬೇಕು, ಬಚ್ಚಲ ಹಿಂದಕ್ಕೆ" ಅಂದೆ. ಎಷ್ಟು ಎತ್ತರ ಎಂದು ಮಾತ್ರ ಕೇಳಿದರು. ಹಗ್ಗ ಎದೆಯ ಮಟ್ಟಕ್ಕೆ, ತಡಿಕೆ ತಲೆ ಮರೆಯುವಷ್ಟು ಅಂದೆ. ಹೆಣೆದಿದ್ದ ತಡಿಕೆಗಳನ್ನು ಅವರೇ ಹೊತ್ತು ತಂದು ಗೂಟಕ್ಕೆ ಬಿಗಿದು, ಕೈ ಕೊಡವಿಕೊಂಡು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆ ಕಾಲದ ಗಂಡಸರಲ್ಲಿ ಅಷ್ಟು ಸೂಕ್ಷ್ಮ ಇದ್ದವರು ಕಡಿಮೆ.

ಹಂಡೆಯಲ್ಲಿ ನೀರು ಕಾಯಿಸಿ ಹುಡುಗಿಯ ಬಟ್ಟೆಗಳನ್ನೆಲ್ಲ ಕುದಿಸಿದೆವು. ಮುಗ್ಗಲು ಹಿಡಿದವನ್ನು ಬಚ್ಚಲ ಒಲೆಗೆ ಹಾಕಿಸಿ, ನನ್ನ ಹಳೆಯ ಹತ್ತಿ ಸೀರೆ ಹರಿದು ಹೊಸ ತುಂಡುಗಳನ್ನು ಮಾಡಿಕೊಟ್ಟೆ. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಒಳಗೆಲ್ಲ ತೊಳೆಯಲಿ ಎಂದು ಅಕ್ಕ ಸಲಹೆ ಕೊಟ್ಟಳು. ಬೇವಿನ ನೀರಿನಲ್ಲಿ ಬಟ್ಟೆ ಬೇಕಾದರೆ ಜಾಲಿಸು, ಒಳಗೆ ಏನೂ ಬೇಡ, ಬೇವೂ ಬೇಡ, ಬೆಳ್ಳುಳ್ಳಿಯೂ ಬೇಡ, ಸುಣ್ಣ ಅರಿಶಿನವೂ ಬೇಡ ಎಂದು ಖಂಡಿತವಾಗಿ ಹೇಳಿದೆ. ಆ ಭಾಗವನ್ನು ಒಳಗಿನಿಂದ ತೊಳೆಯುವ ಕೆಲಸ ದೇಹವೇ ಮಾಡಿಕೊಳ್ಳುತ್ತದೆ. ಹೊರಗೆ ಉಗುರುಬೆಚ್ಚಗಿನ ಬರಿಯ ನೀರು, ಮುಂದಿನಿಂದ ಹಿಂದಕ್ಕೆ ತೊಳೆಯುವುದು, ಉಜ್ಜದೆ ಒತ್ತಿ ಒರೆಸುವುದು. ರಾತ್ರಿ ಕಚ್ಚೆ ಬಿಚ್ಚಿ, ಸಡಿಲವಾಗಿ ಉಟ್ಟು ಗಾಳಿಯಾಡುವ ಹಾಗೆ ಮಲಗುವುದು. ಉಗುರುಗಳನ್ನು ಅಲ್ಲೇ ಕೂರಿಸಿ ನಾನೇ ಕತ್ತರಿಸಿದೆ.

ಉರಿ ತಡೆಯದಾದಾಗ, ಹುಳಿಯಾಗದ ತಣ್ಣನೆಯ ಗಟ್ಟಿ ಮೊಸರನ್ನು ಶುಭ್ರವಾದ ಬಟ್ಟೆಗೆ ಸವರಿ ಹೊರಗಿನಿಂದ ಸ್ವಲ್ಪ ಹೊತ್ತು ಒತ್ತಿಡು, ಆಮೇಲೆ ತೊಳೆದು ಒಣಗಿಸಿಕೋ ಎಂದೆ. ಅವಳು ಹಾಗೆ ಮಾಡಿ ಕೋಣೆಯಿಂದ ಹೊರಗೆ ಬಂದಾಗ ಮುಖ ಸಡಿಲಾಗಿತ್ತು. ಮೊಸರು ಉರಿಯನ್ನು ಇಳಿಸುತ್ತದೆ ಅಷ್ಟೇ, ರೋಗವನ್ನು ಕೀಳುತ್ತದೆ ಎಂದು ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ಮಜ್ಜಿಗೆ ಕುಡಿ, ಬೆಲ್ಲದ ಪಾನಕ ಹಣ್ಣು ಎಲ್ಲ ಮಿತಿಯಲ್ಲಿರಲಿ ಎಂದೂ ಹೇಳಿದೆ. ಸಿಹಿಗೂ ಇದಕ್ಕೂ ಎಷ್ಟು ನಂಟೋ ನನಗೆ ಖಚಿತವಿಲ್ಲ. ಅಕ್ಕನ ಉಷ್ಣದ ಮಾತಿಗೂ ಒಂದಿಷ್ಟು ಮರ್ಯಾದೆ ಸಿಕ್ಕ ಹಾಗಾಯಿತು.

ಉಳಿದಿದ್ದು ಒಂದು ಮಾತು. ಅದನ್ನು ಅಕ್ಕನ ಕಿವಿಯಲ್ಲಿ ಹೇಳಿದೆ: ವಾಸಿಯಾಗುವವರೆಗೆ ಗಂಡ ಹೆಂಡತಿ ಬೇರೆ ಬೇರೆ ಮಲಗಬೇಕು.

"ಅದನ್ನ ಅವನಿಗೆ ಹೇಳೋರು ಯಾರೇ?" ಅಂದಳು ಅಕ್ಕ, ಸೆರಗನ್ನು ಬಾಯಿಗೆ ಒತ್ತಿಕೊಂಡು.

"ಯಾರೂ ಹೇಳಬೇಕಾಗಿಲ್ಲ. ತೋಟದಲ್ಲಿ ಕಳ್ಳರ ಕಾಟ ಜಾಸ್ತಿ ಆಗಿದೆ ಅನ್ನು. ಕಾಯಿ ಇಳಿಯೋವರೆಗೂ ಅಲ್ಲೇ ಮಲಗ್ಲಿ."

"ತೋಟದಲ್ಲಿ ಕಳ್ಳರು! ಈ ಊರಲ್ಲಿ ಯಾರ ಮನೇಲಿ ಮಾವಿನಕಾಯಿ ಇಲ್ಲ ಅಂತ ಕದೀತಾರೆ?" ಎಂದು ಅಕ್ಕ ನಕ್ಕಳು. ಬೆಳಿಗ್ಗೆಯಿಂದ ಅದೇ ಮೊದಲ ನಗು. ಆದರೂ ಮಗನಿಗೆ ಬುತ್ತಿ ಕಳಿಸುವಾಗ ಕಂಬಳಿಯನ್ನೂ ಕಟ್ಟಿ ಕಳಿಸಿದಳು.

ಇದನ್ನು ಓದುವ ಹೆಣ್ಣುಮಕ್ಕಳಿಗಾಗಿ ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ವಾರದಲ್ಲಿ ಹುಡುಗಿಯ ತುರಿ ಇಳಿಯಿತು, ಗೀರುಗಳು ಮಾಯ್ದವು. ಶ್ರಾವಣದ ಜಡಿಯಲ್ಲಿ ಬಿಸಿಲಿಲ್ಲದೆ ಮತ್ತೆ ಒಂದು ಸಲ ಕಾಣಿಸಿಕೊಂಡಿತು. ಆಗ ಮೊಸರು ಬಿಸಿಲು ಎಂದು ಕಾಯುತ್ತ ಕೂರದೆ ಮಾತಿನಂತೆ ಕೋಲಾರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಲೇಡಿ ಡಾಕ್ಟರು ನೇರಳೆ ಬಣ್ಣದ ಔಷಧ ಹಚ್ಚಿದರು. ಅದರ ಕಲೆ ಸೀರೆಗಳಿಂದ ಎಂದೂ ಹೋಗಲಿಲ್ಲ, ಆದರೆ ಕಾಯಿಲೆ ಹೋಯಿತು. ಬಂದದ್ದನ್ನು ಕಳೆಯಲು ಕೆಲವು ಸಲ ಔಷಧವೇ ಬೇಕು. ಬಾರದ ಹಾಗೆ ನೋಡಿಕೊಳ್ಳುವುದು ಮಾತ್ರ ಬಹುಮಟ್ಟಿಗೆ ಒಣ ಬಟ್ಟೆಯ ಕೆಲಸ. ಮಳೆಗಾಲದಲ್ಲಿ ಅಕ್ಕ ಸೊಸೆಯ ಸೀರೆಯನ್ನು ಒಲೆಯ ಮೇಲಿನ ಅಟ್ಟದ ಬಿಸಿಗೆ ಹಿಡಿದು ಒಣಗಿಸಿ ಕೊಡುತ್ತಿದ್ದಳು, ತಾನೇ. ಹುಡುಗಿ ಆಮೇಲೆ ಮಾಲೂರಿಗೆ ಹೋದದ್ದು ಬಾಣಂತನಕ್ಕೆ.

ಆ ಗುರುವಾರಕ್ಕೆ ಹಿಂತಿರುಗುತ್ತೇನೆ. ಮಧ್ಯಾಹ್ನದ ಸಣ್ಣ ರೈಲು ಕೂಗಿದ್ದು ಬಚ್ಚಲ ಹಿಂದೆ ಬಟ್ಟೆ ಹರವುತ್ತಿದ್ದಾಗ. ಹುಡುಗಿ ಕೈಯಲ್ಲಿದ್ದ ತುಂಡನ್ನು ಹಿಡಿದು ಆ ಸದ್ದು ಪೂರ್ತಿ ದೂರವಾಗುವವರೆಗೆ ನಿಂತಳು. ಆಮೇಲೆ ಕೊಡವಿ, ಸುಕ್ಕು ಬಿಡಿಸಿ ಹಗ್ಗಕ್ಕೆ ಹಾಕಿದಳು. ಶ್ರೀನಿವಾಸಪುರದ ಮೇ ತಿಂಗಳ ಬಿಸಿಲು, ಗಾಳಿಯಲ್ಲಿ ಮಾವಿನಕಾಯಿಯ ಸೊನೆಯ ವಾಸನೆ. ಐದು ಗಂಟೆಗೆ ಹೋಗಿ ಮುಟ್ಟಿದರೆ ಎಲ್ಲವೂ ಹಪ್ಪಳದ ಹಾಗೆ ಗರಿಗರಿ.

ನಾನು ತೆಗೆದು ಕೊಟ್ಟೆ, ಅವಳು ಮಡಿಸಿದಳು. ಮಡಿಸಿದ್ದನ್ನು ಕೆನ್ನೆಗೆ ಒತ್ತಿಕೊಂಡು, "ಬೆಚ್ಚಗಿದೆ ಚಿಕ್ಕತ್ತೆ" ಅಂದಳು. ಅವಳು ಒಳಗೆ ಹೋದ ಮೇಲೆ ತಡಿಕೆಯ ಹಿಂದೆ ಅಕ್ಕನ ಬಳೆಯ ಸದ್ದಾಯಿತು. ಒಳಗೆ ಬರದೆ ಅಲ್ಲಿಂದಲೇ ಮಾತಾಡಿದಳು.

"ಹಗ್ಗ ಗಿಡ್ಡ ಆಯ್ತು ಕಣೇ."

"ಯಾಕೆ? ಅವಳದೆಲ್ಲ ಹಿಡಿಸಿತಲ್ಲ."

"ಅವಳದು ಹಿಡಿಸ್ತು." ಬಳೆ ಮತ್ತೆ ಸದ್ದಾಯಿತು. "ನಂದೂ ಇದಾವೆ. ನಮ್ಮತ್ತೆ ಕಾಲದಿಂದ ಕೊಟ್ಟಿಗೆ ಹುಲ್ಲಲ್ಲೇ ಒಣಗ್ತಾ ಇರೋವು."

"ನಿನಗೂ ತುರಿ ಇದೆಯಾ ಅಕ್ಕ?"

"ಹೆಂಗಸರಿಗೆ ಇದ್ದಿದ್ದೇ ಅಂತ ಅಂದ್ಕೊಂಡಿದ್ದೆ." ಮತ್ತೆ ಗದರುವ ದನಿ ತಂದುಕೊಂಡಳು. "ಪ್ರಶ್ನೆ ಸಾಕು. ಆ ನುಗ್ಗೆ ಮರದವರೆಗೂ ಎಳೆದು ಕಟ್ಟು. ಕತ್ತಲಾಗೋದ್ರೊಳಗೆ ಮುಗಿಸು."

ಬಾವಿಯ ಹಗ್ಗದ ಇನ್ನೊಂದು ತುಂಡು ಬಚ್ಚಲ ಮೂಲೆಯಲ್ಲಿ ಬಿದ್ದಿತ್ತು. ಎರಡನ್ನೂ ಸೇರಿಸಿ ಗಂಟು ಹಾಕಿದೆ, ಬಚ್ಚಲ ಗೋಡೆಯ ಗೂಟದಿಂದ ನುಗ್ಗೆ ಮರದ ಕಾಂಡಕ್ಕೆ ಬಿಗಿದೆ. ತಡಿಕೆ ಅಲ್ಲಿಗೆ ಸಾಲದೆ ಹೋದದ್ದರಿಂದ ಗೋಣಿಚೀಲ ಒಂದನ್ನು ಇಳಿಬಿಟ್ಟೆ. ಹಗ್ಗವನ್ನು ಕೈಯಲ್ಲಿ ಜಗ್ಗಿ ನೋಡಿದೆ. ಜೋಲಲಿಲ್ಲ. ಕಾಲು ತೊಳೆದುಕೊಂಡು ಒಳಗೆ ಬಂದೆ.